ದ್ರಾಕ್ಷಿ ನಾಡಿಗೆ ಹೋಗಿ ಬಂದ ಅಕ್ಕೋರು

ಅಕ್ಕೋರು ತೀರಿಕೊಂಡ ಮರುವಾರ ಬಾಗಲಕೋಟೆಯ ವಿದ್ಯಾಗಿರಿಯ ಒಂದು ಸಭಾಭವನದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಮೃದು ಸ್ವಭಾವದವರು, ಮಿತಭಾಷಿಗಳು, ಯಾರ ಮನಸ್ಸನ್ನೂ ನೋಯಿಸದವರು ಎಂದು ಹೊಗಳಿದರು. ಬೇರೆ ಯಾರದೋ ಸಭೆಗೆ ಬಂದು ಕೂತುಬಿಟ್ಟೆನೇನೋ ಎಂದು ನಾನು ವೇದಿಕೆಯ ಮೇಲಿನ ಫೋಟೋವನ್ನು ಮತ್ತೊಮ್ಮೆ ದಿಟ್ಟಿಸಿ ನೋಡಿದೆ. ಫೋಟೋ ಅವರದೇ. ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ದಪ್ಪ ಕನ್ನಡಕ. ಹಾರದ ನಡುವಿನಿಂದಲೂ ಅವರು ಸಭೆಯ ಕೊನೆಯ ಸಾಲಿನಲ್ಲಿ ಯಾರು ಪಿಸುಗುಡುತ್ತಿದ್ದಾರೆ ಎಂದು ನೋಡುತ್ತಿರುವಂತಿತ್ತು.

ಮಿತಭಾಷಿ ಎನ್ನುವುದಾದರೆ, ಇಪ್ಪತ್ತು ವರ್ಷ ಅವರ ಪಕ್ಕದ ಮನೆಯಲ್ಲಿದ್ದ ನನಗೆ ಮುಂಜಾನೆ ಅಲಾರಾಂ ಇಡುವ ಪ್ರಸಂಗ ಬಂದಿರಲೇ ಇಲ್ಲ. ಹಾಲಿನವನಿಗೆ ಹಾಲಿನ ಬಗ್ಗೆ, ಪೇಪರಿನವನಿಗೆ ಪೇಪರಿನಲ್ಲಿ ಬಂದ ಸುದ್ದಿಯ ಬಗ್ಗೆ ಅವರು ಕೊಡುತ್ತಿದ್ದ ತಿಳಿವಳಿಕೆ ಓಣಿಗೆಲ್ಲ ಕೇಳುತ್ತಿತ್ತು. ಗುಳೇದಗುಡ್ಡದ ಹೆಣ್ಣುಮಕ್ಕಳ ಸಾಲೆಯಲ್ಲಿ ಇತಿಹಾಸ ಕಲಿಸಿ, ಅಲ್ಲಿಯೇ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು. ಅಕ್ಕೋರು ಎಂದರೆ ನಮ್ಮ ಕಡೆ ಟೀಚರಮ್ಮ. ಸುತ್ತ ಮಗ್ಗಗಳ ಸಪ್ಪಳದ ನಡುವೆ ಪಾಠ ಹೇಳಿ ಹೇಳಿ ದನಿ ಹಾಗಾಗಿದೆ ಎಂದು ಅವರೇ ಹೇಳುತ್ತಿದ್ದರು. ಮಗ್ಗ ನಿಂತು, ಅವರು ನಿವೃತ್ತರಾಗಿ ಬಾಗಲಕೋಟೆಗೆ ಬಂದ ಮೇಲೂ ದನಿ ಇಳಿಯಲಿಲ್ಲ.

ಅವರಿಗೆ ಯಾರ ಹುದ್ದೆಯೂ ಕಾಣುತ್ತಿರಲಿಲ್ಲ. ಒಮ್ಮೆ ಬಾದಾಮಿಯ ಗುಹೆಯಲ್ಲಿ ಸಫಾರಿ ಹಾಕಿದ ಸಾಹೇಬರೊಬ್ಬರು ಕೀಲಿಕೈಯಿಂದ ಕಂಬದ ಮೇಲೆ ತಮ್ಮ ಹೆಸರು ಕೆತ್ತುತ್ತಿದ್ದರು. ಅಕ್ಕೋರು ತಡೆಯಲಿಲ್ಲ. ಸಾವಕಾಶವಾಗಿ ಮೆಟ್ಟಿಲಿಳಿದು ಹೋಗಿ, ಕೆಳಗೆ ನಿಂತಿದ್ದ ಅವರ ಜೀಪಿನ ಬಾಗಿಲ ಮೇಲೆ, ಕೈಚೀಲದಲ್ಲಿ ಸದಾ ಇರುತ್ತಿದ್ದ ಸೀಮೆಸುಣ್ಣದಿಂದ ಅದೇ ಹೆಸರನ್ನು ದುಂಡಗೆ ಬರೆದರು. ಸಾಹೇಬರು ಇಳಿದು ಬಂದು ಕೆಂಡವಾದರು.

"ಇದು ಸರಕಾರಿ ಗಾಡಿ ಅನ್ನೋದು ಗೊತ್ತದ ಏನ್ರಿ?"

"ಗೊತ್ತೈತ್ರಿ. ಆ ಕಂಬಾನೂ ಸರಕಾರದ್ದ ಐತಿ. ನೀವು ಅಲ್ಲಿ ಬರದ್ರಿ, ನಾ ಇಲ್ಲಿ ಬರದೆ. ನಂದು ವರಿಸಿದ್ರ ಹೋಗ್ತೈತಿ. ನಿಮ್ದು ಹೆಂಗ ವರಿಸ್ತೀರಿ ಹೇಳ್ರಿ."

ಅಕ್ಕೋರು ಮದುವೆಯಾಗಿರಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ಒಬ್ಬನೇ ತಮ್ಮನನ್ನು ಇವರೇ ಸಾಕಿದರು. ಅವನಿಗೆ ಅಕ್ಷರ ಕಲಿಸಿದವರು, ಲಿಂಗದೀಕ್ಷೆ ಮಾಡಿಸಿದವರು, ಹೆಣ್ಣು ನೋಡಿ ಮದುವೆ ಮಾಡಿದವರು ಇವರೇ. ತಮ್ಮ ಓದಿ ನೌಕರಿ ಹಿಡಿಯಲಿಲ್ಲ. ಊರಾಚೆ ಹೊಸ ಹೊಲ ಕೊಂಡು ದ್ರಾಕ್ಷಿ ಹಚ್ಚಿದ. ಮೊದಲ ಬೆಳೆ ಬಂದಾಗ ಅಕ್ಕೋರು ಓಣಿಯ ಮನೆಮನೆಗೂ ದ್ರಾಕ್ಷಿ ಹಂಚಿದ್ದು ನನಗೆ ನೆನಪಿದೆ. ತಮ್ಮ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುತ್ತಾನೆ, ಅದು ದೇವರ ಪ್ರಸಾದಕ್ಕೆ ಹೋಗುತ್ತದೆ ಎಂಬುದು ಅವರ ಲೆಕ್ಕ.

ಅದೇ ಹೊತ್ತಿಗೆ ಅವರು ನಮ್ಮ ಭಾಗದ ಮದ್ಯಪಾನ ವಿರೋಧಿ ಸಂಘದ ಅಧ್ಯಕ್ಷರಾಗಿದ್ದರು. ಸಂಘದಲ್ಲಿ ಅಧ್ಯಕ್ಷರೊಬ್ಬರನ್ನು ಬಿಟ್ಟು ಉಳಿದ ಪದಾಧಿಕಾರಿಗಳಿಗೆ ಮದ್ಯದ ಬಗ್ಗೆ ಆಳವಾದ ಅನುಭವವಿತ್ತು. ಹಳ್ಳಿಹಳ್ಳಿಗೆ ಹೋಗಿ ಭಾಷಣ ಮಾಡುವ ಕೆಲಸವನ್ನು ಅವರೆಲ್ಲ ಸೇರಿ ಅಕ್ಕೋರಿಗೇ ಬಿಟ್ಟಿದ್ದರು. ಅಂಥ ಒಂದು ಭಾಷಣಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅಕ್ಕೋರ ಮಾತು ರಂಗೇರಿತ್ತು. ಕುಡಿಯುವವನಿಗಿಂತ ಕುಡಿಸುವವನು ದೊಡ್ಡ ಪಾಪಿ ಎಂದು ಮೇಜು ಗುದ್ದಿದ ಹೊತ್ತಿಗೆ, ಬೇವಿನ ಗಿಡದ ಬುಡದಲ್ಲಿ ಕೂತು ಅಲ್ಲಿಯವರೆಗೆ ತೂಕಡಿಸುತ್ತಿದ್ದ ಒಬ್ಬ ಎದ್ದು ನಿಂತ. ಅವನು ನಿಂತ ರೀತಿ ನೋಡಿದರೆ ಅಂದಿನ ಭಾಷಣದ ವಿಷಯ ಅವನೇ ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಅಕ್ಕೋರ, ಒಂದ ಮಾತು ಕೇಳ್ತೇನ್ರಿ. ನಿಮ್ಮ ತಮ್ಮನ ತ್ವಾಟದ ದ್ರಾಕ್ಷಿ ಈಗ ಎಲ್ಲಿಗೆ ಹೊಕ್ಕಾವ್ರಿ?"

"ಮಣೂಕ ಮಾಡಾಕ ಹೊಕ್ಕಾವು."

"ಇಲ್ರಿ. ವೈನ್ ಫ್ಯಾಕ್ಟರಿ ಲಾರಿ ತುಂಬಾಕ ನಾನ ಹೋಗಿದ್ನಿ. ಪಗಾರ ಬಂದಿದ್ದ ಇದರಾಗ ಹೋತು ನೋಡ್ರಿ." ಅವನು ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿದ.

ಸಭೆ ನಗಲಿಲ್ಲ. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕೋರು ಒಂದು ಗ್ಲಾಸು ನೀರು ಕುಡಿದು, ಭಾಷಣವನ್ನು ಒಂದು ಮಾತೂ ಬಿಡದೆ ಮುಗಿಸಿ, ವಂದನಾರ್ಪಣೆಯನ್ನೂ ಕೇಳಿ ಜೀಪು ಹತ್ತಿದರು. "ತಮ್ಮನ ಹೊಲಕ್ಕ ಹೊಡೀರಿ" ಎಂದರು. ತೋಟದ ಗೇಟಿನ ಹೊರಗೇ ನಿಂತು ತಮ್ಮನನ್ನು ಕರೆಸಿದರು. ಅವನು ಲಾರಿಯ ಮಾತನ್ನು ಇಲ್ಲವೆನ್ನಲಿಲ್ಲ. ಮಣೂಕಕ್ಕೆ ಒಣಗಿಸಲು ಹಾಕಿದಾಗ ಎರಡು ಸಲ ಮಳೆ ಬಿದ್ದು ಹಾಳಾಯಿತು, ಕಾರ್ಖಾನೆಯವರು ಹಸಿಯಾಗಿಯೇ ಒಯ್ಯುತ್ತಾರೆ ಎಂದು ಹೇಳಲು ನೋಡಿದ.

"ನಾ ಈ ತ್ವಾಟದಾಗ ಕಾಲಿಡಂಗಿಲ್ಲ" ಎಂದರು ಅಕ್ಕೋರು. ಇಷ್ಟನ್ನು ಅವರು ಮೆಲ್ಲಗೆ ಹೇಳಿದರು. ಅವರು ಮೆಲ್ಲಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಮಾತು ವರ್ಷಗಟ್ಟಲೆ ನಡೆಯಿತು. ತಮ್ಮ ಮಾತ್ರ ಪ್ರತಿ ವರ್ಷ ಮಾಘದ ಸುಮಾರಿಗೆ ಒಂದು ಬುಟ್ಟಿ ಕರಿ ದ್ರಾಕ್ಷಿಯನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಅಕ್ಕೋರು ಅದನ್ನು ಮುಟ್ಟದೆ ನಮ್ಮ ಮನೆಗೆ ಕಳಿಸುತ್ತಿದ್ದರು. ನನ್ನ ಹೆಂಡತಿ ಒಮ್ಮೆ ಧೈರ್ಯ ಮಾಡಿ, "ತಮ್ಮಾರು ಕಳಿಸ್ಯಾರಲ್ರಿ, ಒಂದೆರಡು ಬಾಯಾಗ ಹಾಕ್ಕೋರಿ" ಎಂದಳು.

"ತಮ್ಮ ಎಲ್ಲಿ ಕಳಿಸ್ಯಾನ? ಕಂಡಕ್ಟರ ಕೊಟ್ಟ ಹೋಗ್ಯಾನ" ಎಂದರು. ಆದರೆ ಬುಟ್ಟಿ ಬರುವುದು ಒಂದು ದಿನ ತಡವಾದರೂ ಬಸ್‌ಸ್ಟ್ಯಾಂಡಿಗೆ ಎರಡೆರಡು ಸಲ ಹೋಗಿ ಬರುತ್ತಿದ್ದರು. ಕೇಳಿದರೆ ಪೋಸ್ಟಾಫೀಸಿಗೆ ಹೋಗಿದ್ದೆ ಎನ್ನುತ್ತಿದ್ದರು. ಪೋಸ್ಟಾಫೀಸು ಇದ್ದದ್ದು ಇನ್ನೊಂದು ದಿಕ್ಕಿಗೆ.

ಅಂಥವರು ಇಟಲಿಯ ದ್ರಾಕ್ಷಿ ನಾಡಿಗೆ ಹೋದದ್ದು ಒಬ್ಬ ಟ್ರಾವೆಲ್ ಏಜೆಂಟನ ಕನ್ನಡದ ದೆಸೆಯಿಂದ.

ನಮ್ಮೂರಿನ ನಿವೃತ್ತ ಶಿಕ್ಷಕರ ಒಂದು ಗುಂಪು ಯುರೋಪಿಗೆ ಹೊರಟಿತ್ತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವನಾದ್ದರಿಂದ, ಎಲ್ಲಿಯಾದರೂ ಕೆಲಸಕ್ಕೆ ಬರುತ್ತಾನೆಂದು ನನ್ನನ್ನೂ ನನ್ನ ಹೆಂಡತಿಯನ್ನೂ ಸೇರಿಸಿಕೊಂಡಿದ್ದರು. ಅಕ್ಕೋರಿಗೆ ರೋಮ್ ನೋಡುವ ಆಸೆ. "ಇಡೀ ಸರ್ವೀಸು ನಕಾಶಿ ಮ್ಯಾಲೆ ಕೋಲು ಇಟ್ಟು ತೋರಿಸೇನಿ. ಅಲ್ಲಿ ಖರೇನ ಊರು ಐತೋ ಇಲ್ಲೋ ನೋಡಿ ಬರ್ತೇನಿ" ಎಂದು ಹೆಸರು ಕೊಟ್ಟರು. ಏಜೆಂಟ ಅವರ ಭಾಷಣಗಳನ್ನು ಕೇಳಿ ಬೆಳೆದವನು. ಕಾರ್ಯಕ್ರಮದ ಇಂಗ್ಲಿಷ್ ಹಾಳೆಯಲ್ಲಿ ಒಂದು ದಿನ ಪೂರ್ತಿ ವೈನಿಗೆ ಮೀಸಲಾಗಿತ್ತು. ಅವನು ಅಕ್ಕೋರಿಗೆ ಕೊಟ್ಟ ಕನ್ನಡ ಹಾಳೆಯಲ್ಲಿ ಅದು, 'ಗುಡ್ಡದ ಮೇಲಿನ ಪುರಾತನ ಊರಿನ ದರ್ಶನ, ಕೃಷಿ ಕ್ಷೇತ್ರ ಭೇಟಿ ಹಾಗೂ ಸ್ಥಳೀಯ ಪಾನಕ ಸ್ವೀಕಾರ' ಎಂದಾಗಿತ್ತು.

"ಪಾನಕ ಅಂದ್ರ ಲಿಂಬಿಹಣ್ಣಿಂದೇನ್ರಿ?" ಎಂದು ಅಕ್ಕೋರು ನನ್ನನ್ನು ಕೇಳಿದರು.

"ಬ್ಯಾರೆ ಹಣ್ಣಿಂದು ಇರಬೇಕ್ರಿ" ಎಂದೆ.

ಸೆಪ್ಟೆಂಬರಿನ ಒಂದು ಬಿಸಿಲಿನ ದಿನ ನಮ್ಮ ಬಸ್ಸು ಆ ಗುಡ್ಡದ ಬುಡದಲ್ಲಿ ನಿಂತಿತು. ಊರಿನ ಹೆಸರು ನಮ್ಮ ಯಾರ ನಾಲಿಗೆಗೂ ಹೊರಳಲಿಲ್ಲ. ಮೇಲೆ ಕೋಟೆ ಗೋಡೆ, ಅದರೊಳಗೆ ಕಲ್ಲಿನ ಮನೆಗಳು, ಎಲ್ಲಕ್ಕಿಂತ ಎತ್ತರಕ್ಕೆ ಒಂದು ಗಂಟೆ ಗೋಪುರ. ಉಳಿದವರು ಮೊಬೈಲು ಎತ್ತಿ ಹಿಡಿದು ಊರನ್ನು ನೋಡಿದರೆ, ಅಕ್ಕೋರು ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯಂತೆ ಏರು ದಾರಿ ಹತ್ತಿದರು. ಅರ್ಧಕ್ಕೆ ಬಂದಾಗ ದಮ್ಮು ಹತ್ತಿ ಒಂದು ಕಲ್ಲಿನ ಮೇಲೆ ಕೂತರು.

"ಹೆಂಗ ಐತ್ರಿ ಅಕ್ಕೋರ?" ಎಂದು ನನ್ನ ಹೆಂಡತಿ ಕೇಳಿದಳು.

"ಛಲೋ ಐತಿ. ಆದ್ರ ನಮ್ಮ ಬಾದಾಮಿ ಗುಡ್ಡದ ಬಣ್ಣ ಇದಕ್ಕಿಲ್ಲ. ಇಲ್ಲಿ ಮಂಗ್ಯಾಗೋಳು ಇಲ್ಲ, ಚೀಲ ಕಸಗೊಳ್ಳೂದಿಲ್ಲ. ಅದೊಂದು ಸುಖಾ."

ಮೇಲಿನ ಅಂಗಡಿಗಳಲ್ಲಿ ಅದೇ ಗೋಪುರದ ಚಿತ್ರವಿದ್ದ ಕಪ್ಪು, ತಟ್ಟೆ, ಏಪ್ರನ್ನುಗಳು ತೂಗುತ್ತಿದ್ದವು. ಗೋಪುರ ಎದುರಿಗೇ ಇದ್ದರೂ ನಮ್ಮವರು ಅದಕ್ಕೆ ಬೆನ್ನು ತಿರುಗಿಸಿ ಚಿತ್ರ ಕೊಳ್ಳಲು ಮುಗಿಬಿದ್ದರು. ಚೌಕದ ಕಾರಂಜಿಯ ದಂಡೆಯ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಮಹಾಕೂಟದ ಹೊಂಡದಂತೆ ಇಲ್ಲಿ ಯಾರೂ ಮೀಯುವುದಿಲ್ಲವೇಕೆಂದು ನಮ್ಮಲ್ಲೊಬ್ಬರು ಪ್ರಶ್ನೆಯೆತ್ತಿದರು. ಪೊಲೀಸನೊಬ್ಬ ಹತ್ತಿರ ಬಂದು ಸುಮ್ಮನೆ ನಿಂತದ್ದರಿಂದ ಆ ಚರ್ಚೆ ಮುಂದುವರಿಯಲಿಲ್ಲ.

ಮಧ್ಯಾಹ್ನ ಗುಡ್ಡದ ಇಳಿಜಾರಿನ ಒಂದು ದ್ರಾಕ್ಷಿ ತೋಟಕ್ಕೆ ಕರೆದೊಯ್ದರು. ತಂಪಾದ ನೆಲಮಾಳಿಗೆ, ಗೋಡೆಗುಂಟ ದೊಡ್ಡ ಕಟ್ಟಿಗೆಯ ಪೀಪಾಯಿಗಳು, ನಡುವೆ ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆ ಗಾಜಿನ ಲೋಟಗಳು. ಅಕ್ಕೋರು ವಾಡಿಕೆಯಂತೆ ಮೇಜಿನ ತುದಿಗೆ ಕೂತರು. ಲೋಟಕ್ಕೆ ಕೆಂಪಗೆ ಬಿದ್ದದ್ದನ್ನು ಮೂಗಿನ ಬಳಿ ಹಿಡಿದರು.

"ಇದು ಪಾನಕ ಅಲ್ಲ."

ಬೆಳಿಗ್ಗೆಯಿಂದ ವಿಭೂತಿ ಹಚ್ಚಿಕೊಂಡು ಇದೇ ಗಳಿಗೆಗಾಗಿ ಕಾಯ್ದಿದ್ದ ಹಿರಿಯರೆಲ್ಲ ಪೀಪಾಯಿಗಳ ಕಟ್ಟಿಗೆ ಯಾವ ಗಿಡದ್ದಿರಬಹುದೆಂದು ನೋಡತೊಡಗಿದರು.

"ಯಾರ್ಯಾರು ಕುಡಿಯೋರು ಅದೀರಿ, ಕೈ ಎತ್ರಿ."

ಒಂದು ಕೈಯೂ ಮೇಲೇಳಲಿಲ್ಲ. ನಾಡಿನ ಮುಕ್ಕಾಲು ಪಾಲು ಶಿಕ್ಷಣವನ್ನು ರೂಪಿಸಿದ ಕೈಗಳವು. ಮೇಜಿನ ಕೆಳಗೆ ತೊಡೆಯ ಮೇಲೆ ಮಡಚಿಕೊಂಡಿದ್ದವು.

ಅಷ್ಟರಲ್ಲಿ ತೋಟದ ಒಡತಿ ಬಂದಳು. ಅಕ್ಕೋರ ವಾರಿಗೆಯ ಮುದುಕಿ. ಬಿಸಿಲಿಗೆ ಸುಕ್ಕುಗಟ್ಟಿದ ಮುಖ, ಬೆರಳ ಸಂದಿಯಲ್ಲಿ ಕರಿ ಕಲೆ. ಅವಳು ತನ್ನ ಭಾಷೆಯಲ್ಲಿ ಹೇಳಿದ್ದನ್ನು ಮೊಮ್ಮಗಳು ಇಂಗ್ಲಿಷಿಗೆ, ನಾನು ಕನ್ನಡಕ್ಕೆ ತರುತ್ತಿದ್ದೆವು. ಲೋಟ ಮುಟ್ಟದೆ ಕೂತಿದ್ದ ಅಕ್ಕೋರನ್ನು ನೋಡಿ, ದ್ರಾಕ್ಷಿ ಕಂಡರೆ ಇವರಿಗೆ ಆಗುವುದಿಲ್ಲವೇ ಎಂದು ಮುದುಕಿ ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಹೆಂಡತಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಇವರ ತಮ್ಮನದೇ ದ್ರಾಕ್ಷಿ ತೋಟವಿದೆ ಎಂದುಬಿಟ್ಟಳು.

ಮುದುಕಿಯ ಮುಖ ಅರಳಿತು. ಅಕ್ಕೋರ ಕೈ ಹಿಡಿದೆಬ್ಬಿಸಿ ಹೊರಗೆ ಕರೆದುಕೊಂಡು ಹೋದಳು. ಅಕ್ಕೋರ ಕೈ ಹಿಡಿದು ಎಳೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ದುಭಾಷಿಗಳಾದ ಮೊಮ್ಮಗಳೂ ನಾನೂ ಹಿಂದೆ ಹೋದೆವು. ಸಾಲುಗಳ ನಡುವೆ ಹಣ್ಣು ಬಿಡಿಸುತ್ತಿದ್ದರು. ಮುದುಕಿ ಒಂದು ಗೊನೆ ಎತ್ತಿ ತೋರಿಸಿ ಕೇಳಿದಳು: ನಿಮ್ಮ ತಮ್ಮನ ತೋಟದ ಮಣ್ಣು ಎಂಥದು, ನೀರು ಎಲ್ಲಿಂದ, ಬಳ್ಳಿಯನ್ನು ತಂತಿಗೆ ಕಟ್ಟುತ್ತಾನೋ ಚಪ್ಪರಕ್ಕೆ ಹಬ್ಬಿಸುತ್ತಾನೋ?

ನಾನು ಕನ್ನಡದಲ್ಲಿ ಹೇಳಿ ಮುಗಿಸಿ ಅಕ್ಕೋರ ಮುಖ ನೋಡಿದೆ. ರೋಮಿನ ಗೈಡಿಗೆ ಅವನ ರಾಜರ ಹೆಸರುಗಳನ್ನು ತಿದ್ದಿ ಹೇಳಿದ್ದ ಹೆಂಗಸು ಬಳ್ಳಿ ಕಟ್ಟಿದ ತಂತಿಯನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೊಮ್ಮೆ ಹೇಳಿದೆ.

"ಕೇಳಿಸೇತ್ರಿ" ಎಂದರು. ತಂತಿ ಬಿಟ್ಟು, "ಕರೀ ದ್ರಾಕ್ಷಿ ಅನ್ರಿ. ಭಾಳ ಸೀ ಇರ್ತಾವ ಅನ್ರಿ" ಎಂದರು. ಅದನ್ನೂ ಅವರು ಈಚೆಗೆ ತಿಂದು ನೋಡಿ ಹೇಳಿದ್ದಲ್ಲ. ನಮ್ಮ ಮನೆಯಿಂದ ಕೇಳಿ ತಿಳಿದದ್ದು.

ಆಮೇಲೆ ತಾವೇ ಸಾವರಿಸಿಕೊಂಡು ಪ್ರಶ್ನೆ ಹಾಕಿದರು. "ಇಷ್ಟೆಲ್ಲಾ ಮಾಡ್ತಾಳಲ್ಲ, ಈಕಿ ಮನ್ಯಾಗ ಕುಡುದು ಹಾಳಾದವ್ರು ಯಾರೂ ಇಲ್ಲಂತೇನು? ಕೇಳ್ರಿ." ನಾನು ಹಿಂಜರಿದೆ. "ಕೇಳ್ರಿ ಅಂದ್ನೆಲಾ."

ಕೇಳಿದೆ. ಮೊಮ್ಮಗಳೂ ಹಿಂಜರಿದು ಅಜ್ಜಿಗೆ ಮುಟ್ಟಿಸಿದಳು. ಮುದುಕಿ ಮುನಿಯಲಿಲ್ಲ. ಗಂಡ ಕುಡಿದೇ ಸತ್ತ ಎಂದಳು. ಅವನನ್ನು ಬೈಯಲು ಇನ್ನೂ ದಿನಾ ಎರಡು ಮಾತು ಖರ್ಚಾಗುತ್ತವೆ. ಬಳ್ಳಿಯನ್ನು ಬೈಯಲು ಹೋಗಿಲ್ಲ, ಅದಕ್ಕೆ ನೀರು ಗೊಬ್ಬರ ನೋಡುವುದರಲ್ಲೇ ಹೊತ್ತು ಹೋಗುತ್ತದೆ ಎಂದೂ ಸೇರಿಸಿದಳು.

ಅಕ್ಕೋರು ಇದನ್ನು ಕೇಳಿ ತಲೆಯಾಡಿಸಿದರು. "ಖರೆ ಮಾತಾಡೋ ಹೆಣಮಗಳು" ಎಂದರು. ಸೆರಗಿನಿಂದ ಒಂದು ಹಣ್ಣು ಒರೆಸಿ ಬಾಯಿಗೆ ಹಾಕಿಕೊಂಡರು. ಬೀಜವನ್ನು ಅಂಗೈಯಲ್ಲಿ ಉಗುಳಿ ಅದನ್ನೇ ನೋಡುತ್ತ ನಿಂತರು.

ನಾವು ನೆಲಮಾಳಿಗೆಗೆ ಮರಳಿದಾಗ ಮೇಜಿನ ಮೇಲಿನ ಲೋಟಗಳೆಲ್ಲ ತೊಳೆದಿಟ್ಟಂತೆ ಖಾಲಿಯಾಗಿದ್ದವು. ಹಿರಿಯರ ಮುಖಗಳ ಮೇಲೆ ದೊಡ್ಡ ಶಾಂತಿ ನೆಲೆಸಿತ್ತು.

"ನನ್ನ ಲೋಟಾ ಯಾರು ಕುಡದ್ರಿ?"

ನನ್ನ ಹೆಂಡತಿ ಬೆಳಕಿಂಡಿಯಾಚೆ ಒಂದು ಸೈಪ್ರಸ್ ಗಿಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಬಸ್ಸಿನಲ್ಲಿ ನಿವೃತ್ತ ಉಪನಿರ್ದೇಶಕರೊಬ್ಬರು ಎದ್ದು ನಿಂತು ಭಕ್ತಿಗೀತೆ ಹಾಡಿದರು. ಎಲ್ಲರೂ ತಾಳ ಹಾಕಿದರು. ಪ್ರವಾಸದಲ್ಲಿ ಅಂಥ ಒಗ್ಗಟ್ಟು ಹಿಂದೆಯೂ ಮುಂದೆಯೂ ಕಾಣಲಿಲ್ಲ. ಅಕ್ಕೋರು ಯಾರನ್ನೂ ಗದರಿಸದೆ ಹೊರಗೆ ನೋಡುತ್ತ ಕೂತಿದ್ದರು.

ಊರಿಗೆ ಬಂದ ಮೇಲೆ ಅವರು ಆ ತೋಟದ ಮಾತೆತ್ತಲಿಲ್ಲ. ಮಾಘ ಬಂತು. ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು, "ಕಾರು ತಗೀರಿ ಸರ" ಎಂದರು. ಎಲ್ಲಿಗೆಂದು ನಾನೂ ಕೇಳಲಿಲ್ಲ.

ತೋಟದ ಗೇಟು ಹಾಕಿತ್ತು. ಕಾರಿನ ಸಪ್ಪಳಕ್ಕೆ ತಮ್ಮ ಸಾಲುಗಳ ನಡುವಿನಿಂದ ಬಂದ. ತಲೆಗೂದಲು ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿ ಗೇಟಿನ ಆಚೆ ಹಾಗೇ ನಿಂತುಬಿಟ್ಟ.

"ಗೇಟು ತಗಿ ಅಂತ ಹೇಳಬೇಕೇನೋ?"

ಅವನು ಎಳೆದ ರಭಸಕ್ಕೆ ಅಗಳಿ ಸಿಕ್ಕಿಕೊಂಡಿತು. ನಾನು ಹೋಗಿ ತೆಗೆದೆ. ಅಕ್ಕೋರು ಒಳಗೆ ಕಾಲಿಟ್ಟು, ಯಾವ ಕಡೆಗೂ ನಿಲ್ಲದೆ ನೇರ ಬಳ್ಳಿಗಳ ನಡುವೆ ನಡೆದರು.

"ಈ ಸಾಲು ಸೊಟ್ಟ ಐತಿ."

"ಹೂನಕ್ಕಾ."

"ಮಣ್ಣು ಎಂಥಾದಿದು?"

"ಮಸಾರಿ ಐತಕ್ಕಾ, ಕೆಂಪು ಮಣ್ಣು."

"ನೀರು?"

ಅವನು ಹೇಳಿದ. ಅವರು ಒಂದೊಂದಾಗಿ ಕೇಳುತ್ತ ಹೋದರು. ಅವನು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಗೆ ನಿಂತವನಂತೆ ಹೇಳುತ್ತ ಹೋದ. ಐವತ್ತು ದಾಟಿದ ಮನುಷ್ಯ. ಕೊನೆಯ ಸಾಲಿನ ತುದಿಗೆ ಹೋಗಿ ಅಕ್ಕೋರು ತಿರುಗಿ ನಿಂತರು.

"ಇಷ್ಟು ವರ್ಷ ಒಮ್ಮಿಯಾದ್ರೂ ಬಾ ಅಂತ ಯಾಕ ಕರೀಲಿಲ್ಲ?"

"ನೀನ ಬರಂಗಿಲ್ಲ ಅಂದಿದ್ದಿ..."

"ನಾ ಬರಂಗಿಲ್ಲ ಅಂದಿದ್ದೆ. ಕರೀಬ್ಯಾಡ ಅಂದಿದ್ನೇನು?"

ತಮ್ಮ ಟವೆಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಅಂದು ಅಲ್ಲಿಯೇ ಊಟವಾಯಿತು. ತಮ್ಮನ ಹೆಂಡತಿ ಮಾಡಿದ ಎಣ್ಣೆಗಾಯಿಯಲ್ಲಿ ಉಪ್ಪು ಕಡಿಮೆ ಎಂದು ಅಕ್ಕೋರು ಹೇಳಿದಾಗ ಆ ಮನೆಯವರೆಲ್ಲ ಹಬ್ಬದಂತೆ ನಕ್ಕರು.

ಸುದ್ದಿ ಸಂಘಕ್ಕೆ ಮುಟ್ಟಿತು. ಅಧ್ಯಕ್ಷರೇ ವೈನ್ ದ್ರಾಕ್ಷಿಯ ತೋಟದಲ್ಲಿ ಉಂಡು ಬಂದರೆ ಸಂಘದ ಪಾವಿತ್ರ್ಯದ ಗತಿಯೇನು ಎಂದು ಉಪಾಧ್ಯಕ್ಷರು ತುರ್ತು ಸಭೆ ಕರೆದರು. ಅವರಿಗೆ ಸಂಜೆಯಾದರೆ ಬೇರೆ ತುರ್ತು ಇರುತ್ತಿದ್ದುದರಿಂದ ಸಭೆಯನ್ನು ಮಧ್ಯಾಹ್ನವೇ ಇಟ್ಟರು. ಅಕ್ಕೋರು ಹೋಗಿ ಹೇಳಿದರು: "ನನ್ನ ತಮ್ಮ ದ್ರಾಕ್ಷಿ ಬೆಳಿತಾನ. ಅವನ ಮನ್ಯಾಗ ನಾ ಊಟ ಮಾಡೇನಿ, ಇನ್ನೂ ಮಾಡಾಕಿ. ಕುಡಿಯೂದು ಕೆಟ್ಟ, ಅದನ್ನೂ ಹೇಳಾಕಿ. ನಿಮಗ ಹೆಂಗ ಬೇಕೋ ಹಂಗ ಮಾಡ್ರಿ." ನಮ್ಮಲ್ಲಿ ಯಾರನ್ನಾದರೂ ತೆಗೆದುಹಾಕಬೇಕಾದರೆ ಸನ್ಮಾನ ಮಾಡುವುದು ವಾಡಿಕೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಸೇವೆ ಅಮೋಘವೆಂದು ಕೊಂಡಾಡಿ ಅವರನ್ನು ಮಾಜಿ ಮಾಡಿದರು. ಉಪಾಧ್ಯಕ್ಷರು ಅಧ್ಯಕ್ಷರಾದರು. ಅದರ ಸಂತೋಷಕೂಟ ಹೆದ್ದಾರಿಯ ಒಂದು ಢಾಬಾದಲ್ಲಿ ನಡೆಯಿತೆಂದು ಕೇಳಿದೆ.

ಅಕ್ಕೋರು ಒಬ್ಬರೇ ಹಳ್ಳಿಗಳಿಗೆ ಹೋಗಿ ಭಾಷಣ ಮಾಡುವುದನ್ನು ಮುಂದುವರಿಸಿದರು. ವ್ಯತ್ಯಾಸವೆಂದರೆ, ಈಗ ಮೊದಲ ಮಾತಿಗೇ ತಮ್ಮನ ತೋಟದ ವಿಷಯ ತಾವೇ ಹೇಳಿಬಿಡುತ್ತಿದ್ದರು. ಬೇವಿನ ಗಿಡದ ಬುಡದಲ್ಲಿ ಕೂತವರಿಗೆ ಎದ್ದು ನಿಲ್ಲಲು ಕಾರಣವೇ ಉಳಿಯಲಿಲ್ಲ. ಸುಗ್ಗಿಯ ಕಾಲದಲ್ಲಿ ಮಾತ್ರ ಅವರು ಯಾವ ಹಳ್ಳಿಗೂ ಒಪ್ಪುತ್ತಿರಲಿಲ್ಲ. ತೋಟದಲ್ಲಿ ಹೊರಸಿನ ಮೇಲೆ ಕೂತು, ಕಾರ್ಖಾನೆಯ ಲಾರಿಯವರಿಗೆ ಹಣ್ಣಿನ ಕ್ರೇಟನ್ನು ಹೇಗೆ ಇಡಬೇಕೆಂದು ಪಾಠ ಹೇಳುತ್ತಿದ್ದರು. ಆ ಡ್ರೈವರು ಗಾಡಿಯನ್ನು ಒಂದು ಫರ್ಲಾಂಗು ದೂರದಲ್ಲೇ ನಿಲ್ಲಿಸಿ, ಬೀಡಿ ಆರಿಸಿ, ಅಂಗಿಯ ಗುಂಡಿ ಹಾಕಿಕೊಂಡು ಒಳಗೆ ಬರುತ್ತಿದ್ದನಂತೆ.

ಈ ವರ್ಷ ಮಳೆಗಾಲದಲ್ಲಿ, ತೀರಿಕೊಳ್ಳುವ ಎರಡು ದಿನ ಮೊದಲು, ಅವರಿಗೆ ಎದೆನೋವು ಬಂತು. ತಮ್ಮನೂ ನಾನೂ ಸೇರಿ ದವಾಖಾನೆಗೆ ಸೇರಿಸಿದೆವು. ಎಳೆಯ ವಯಸ್ಸಿನ ಡಾಕ್ಟರೊಬ್ಬರು ಹಾಸಿಗೆಯ ಪಕ್ಕ ನಿಂತು, ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ತಂಬಾಕು? ಅಕ್ಕೋರು ಕಣ್ಣು ಮುಚ್ಚಿಕೊಂಡೇ ಇಲ್ಲ, ಇಲ್ಲ ಎನ್ನುತ್ತಿದ್ದರು.

"ಮನ್ಯಾಗ ಯಾರಿಗಾದ್ರೂ ಡ್ರಿಂಕ್ಸ್, ವೈನು, ಹಂಗೇನರ ಐತೇನ್ರಿ ಅಜ್ಜಿ?"

ಕೇಳಬಾರದ್ದನ್ನು ಕೇಳಿದರಲ್ಲ ಎಂದು ನಾನು ಗಾಬರಿಯಾದೆ. ತಮ್ಮ ತಲೆ ತಗ್ಗಿಸಿದ. ಅಕ್ಕೋರು ಕಣ್ಣು ತೆರೆದು ಡಾಕ್ಟರನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದರು. ಉಸಿರಿಗೆ ತ್ರಾಸಾಗುತ್ತಿದ್ದರೂ, ಮೂರು ಹಾಸಿಗೆ ಆಚೆಗೆ ಕೇಳುವ ಹಳೆಯ ದನಿಯಲ್ಲಿಯೇ ಹೇಳಿದರು:

"ಕುಡಿಯೋರು ಯಾರೂ ಇಲ್ರಿ. ನಾವು ಬೆಳಿತೇವಿ."

ಡಾಕ್ಟರು ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಪೆನ್ನು ಹಿಡಿದು ನಿಂತರು. ತಮ್ಮ ಅಕ್ಕನ ಪಾದದ ಮೇಲಿನ ಚಾದರವನ್ನು ಸರಿಪಡಿಸುತ್ತಿದ್ದ. ಅದು ಸರಿಯಾಗಿಯೇ ಇತ್ತು.